ದೀಪನುಂಗಿ

ಬಾವಿಗೆ ಬಿಟ್ಟ ದೀಪ ಆರಲಿಲ್ಲ. ಆರಲಿಲ್ಲ ಎಂದೇ ನನ್ನ ತಮ್ಮ ಬುಟ್ಟಿಯೊಳಗೆ ಕಾಲಿಟ್ಟ. ಆ ದೀಪವನ್ನು ಅಂಗಡಿಯಿಂದ ತಂದವನು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಬರೆಯಲು ಕೈ ಬರಲಿಕ್ಕಿಲ್ಲ.

ನಮ್ಮದು ಹಳೇ ಬಾವಿಗಳ ಹೂಳು ತೆಗೆಯುವ ಕೆಲಸ. ಜಹೀರಾಬಾದಿನಿಂದ ಬಶೀರಾಬಾದಿನವರೆಗೆ ಯಾರ ಹೊಲದಲ್ಲಿ ಬಾವಿ ಕೆಟ್ಟರೂ ಫೋನ್ ನನಗೇ ಬರುತ್ತದೆ. ಮೂರು ಕಾಲಿನ ಕ್ರೇನು, ಅದಕ್ಕೊಂದು ಡೀಸೆಲ್ ಎಂಜಿನ್, ಉಕ್ಕಿನ ಹಗ್ಗ, ಕಬ್ಬಿಣದ ಬುಟ್ಟಿ. ಜನ ನಾಲ್ವರು: ನಾನು, ತಮ್ಮ, ಮೇಲೆ ಬಂದ ಬುಟ್ಟಿಯನ್ನು ಸುರಿಯುವ ತಮ್ಮನ ಹೆಂಡತಿ, ಎಂಜಿನ್ ನಡೆಸುವವನು. ಐದನೇ ತರಗತಿಗೆ ಶಾಲೆ ಬಿಟ್ಟು ಅಪ್ಪನ ಹಿಂದೆ ಈ ಕೆಲಸಕ್ಕೆ ಬಂದವನು ನಾನು. ಬಾವಿಯ ಬಾಯಿ ನೋಡಿ ಒಳಗೆ ಎಷ್ಟು ಬುಟ್ಟಿ ಹೂಳಿದೆ ಎಂದು ಹೇಳುತ್ತೇನೆ, ಹೇಳಿದ್ದು ತಪ್ಪುವುದು ಕಡಿಮೆ. ನನ್ನ ಕೈಕೆಳಗೆ ಒಬ್ಬನ ಉಗುರೂ ಹೋಗಿಲ್ಲ ಎಂದು ಹೋದ ಹೋದಲ್ಲಿ ಹೇಳಿಕೊಳ್ಳುತ್ತಿದ್ದೆ. ಅಂದಿನವರೆಗೆ ಅದು ನಿಜವೇ ಆಗಿತ್ತು.

ನಮ್ಮ ಮನೆಯಲ್ಲಿ ಒಂದು ರಿವಾಜು. ಹಳೇ ಬಾವಿಗೆ ಇಳಿಯುವ ಮುಂಚೆ ದಂಡೆಯ ಮೇಲೆ ಗಂಗವ್ವನ ಪೂಜೆ. ಅದಾದ ಮೇಲೆ ಸಣ್ಣ ಬಿದಿರುಬುಟ್ಟಿಯಲ್ಲಿ ಒಂದು ದೀಪ ಇಟ್ಟು ಹಗ್ಗದಿಂದ ತಳದವರೆಗೆ ಬಿಡಬೇಕು. ಹಗ್ಗಕ್ಕೆ ಮಾರಿಗೊಂದು ಗಂಟು, ಚಾಚಿದ ಎರಡು ತೋಳಿನಳತೆಗೆ ಒಂದು. ಗಂಟು ಎಣಿಸುತ್ತ ನಿಧಾನವಾಗಿ ಬಿಟ್ಟು, ತಳ ಮುಟ್ಟಿದ ಮೇಲೆ ಒಂದು ಎಲೆ ಅಡಿಕೆ ಅಗಿದು ಮುಗಿಸುವಷ್ಟು ಹೊತ್ತು ನಿಲ್ಲಬೇಕು. ದೀಪ ಉರಿಯುತ್ತಿದ್ದರೆ ಇಳಿಯುವುದು. ಆರಿದರೆ ಆ ದಿನ ಇಳಿಯುವಂತಿಲ್ಲ. ಯಾಕೆ ಎಂದು ಸಣ್ಣವನಿದ್ದಾಗ ಕೇಳಿದರೆ ಅಪ್ಪ ಒಂದೇ ಮಾತು ಹೇಳುತ್ತಿದ್ದ, ಒಳಗೆ ದೀಪನುಂಗಿ ಇರುತ್ತದೆ ಎಂದು.

ಬೇರೆಯವರ ಮನೆಯಲ್ಲಿ ಮಕ್ಕಳನ್ನು ಗುಮ್ಮ ಬಂತು ಎಂದು ಹೆದರಿಸುತ್ತಾರೆ. ನಮ್ಮನ್ನು ದೀಪನುಂಗಿಯ ಹೆಸರಿನಿಂದ ಹೆದರಿಸುತ್ತಿದ್ದರು. ಗುಮ್ಮನಿಗೆ ದೊಡ್ಡ ಕಣ್ಣು, ಕೋರೆಹಲ್ಲು ಎಲ್ಲ ಇರುತ್ತವೆ. ದೀಪನುಂಗಿಗೆ ಏನೂ ಇಲ್ಲ. ಕೈಯಿಲ್ಲ, ಕಾಲಿಲ್ಲ, ದನಿಯಿಲ್ಲ. ಅದು ಯಾರ ಬೆನ್ನೂ ಹತ್ತುವುದಿಲ್ಲ, ತಳದಲ್ಲಿ ಬೆಕ್ಕಿನ ಹಾಗೆ ಮಲಗಿರುತ್ತದೆ, ನಾವೇ ಅದರ ಹತ್ತಿರ ಹೋಗುತ್ತೇವೆ. ಮೊದಲು ದೀಪ ನುಂಗುತ್ತದೆ, ಆಮೇಲೆ ನಿದ್ದೆ ತರಿಸುತ್ತದೆ, ಆಮೇಲೆ ಮನುಷ್ಯನನ್ನು ನುಂಗುತ್ತದೆ. ಅಪ್ಪ ಹೇಳಿದ್ದು ಇಷ್ಟೇ. ಗಾಳಿಯ ಮಾತು ಅವನು ಒಮ್ಮೆಯೂ ಎತ್ತಲಿಲ್ಲ, ಅವನಿಗೂ ಗೊತ್ತಿರಲಿಲ್ಲವೇನೋ.

ಅಪ್ಪ ಹೋದ ಮೇಲೆ ರಿವಾಜು ಬಿಡಲಿಲ್ಲ. ಆದರೆ ನನಗೆ ಅದು ತೆಂಗಿನಕಾಯಿ ಒಡೆದ ಹಾಗೆ, ಮಾಡಬೇಕಾದ್ದಕ್ಕೆ ಮಾಡುವುದು. ಬಯಲುಸೀಮೆಯ ಹೊಲದಲ್ಲಿ ಬಾವಿಯ ಬಾಯಲ್ಲೇ ಗಾಳಿ ಬೀಸಿ ಬತ್ತಿ ಆರುತ್ತದೆ. ಮತ್ತೆ ಹಚ್ಚು, ಮತ್ತೆ ಬಿಡು, ಮತ್ತೆ ಆರಿತು. ಅರ್ಧ ಗಂಟೆ ಇದರಲ್ಲೇ ಹೋಗುತ್ತಿತ್ತು. ಒಂದು ದೀಪಾವಳಿಗೆ ಜಹೀರಾಬಾದಿನ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಬ್ಯಾಟರಿ ದೀಪ ಕಂಡಿತು. ಪ್ಲಾಸ್ಟಿಕ್ಕಿನದು, ನೋಡಲು ಹಣತೆಯಂತೆಯೇ, ಉರಿ ಕೂಡ ನಿಜವಾದದ್ದರ ಹಾಗೆ ನಡುಗುತ್ತದೆ. ಕೊಂಡುಕೊಂಡೆ. ತಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ ನಕ್ಕ.

"ಅಣ್ಣಾ, ಇದಕ್ಕ ಎಣ್ಣಿ ಬ್ಯಾಡ, ಬತ್ತಿ ಬ್ಯಾಡ. ದೀಪನುಂಗಿಗೂ ಇದು ನುಂಗಾಕ ಬರಂಗಿಲ್ಲ ಬಿಡು."

ನಾನೂ ನಕ್ಕೆ. ಆಮೇಲೆ ಮೂರು ವರ್ಷ ನಮ್ಮ ದೀಪ ಒಮ್ಮೆಯೂ ಆರಲಿಲ್ಲ. ಈಗಿನ ಬಾವಿಗಳಲ್ಲಿ ಅಂಥದ್ದೇನೂ ಉಳಿದಿಲ್ಲ ಎಂದು ಗಿರಾಕಿಗಳಿಗೆ ಹೇಳುವುದನ್ನು ಕಲಿತೆ.

ಆ ಬಾವಿ ಯಾಲಾಲ್ ಕಡೆಯ ಒಂದು ಹಳ್ಳಿಯಲ್ಲಿತ್ತು. ಕುರಿ ಸಾಕುವ ಮನೆಯವರದು. ಯಜಮಾನನ ತಂದೆ ಕುರಿ ಬೀಳುತ್ತವೆ ಎಂದು ಬಾವಿಯ ಬಾಯಿಗೆ ತಾಂಡೂರು ಬಂಡೆಗಳನ್ನು ಹಾಸಿ, ಸಂದಿಗೆ ಮಣ್ಣು ಮೆತ್ತಿ ಮುಚ್ಚಿದ್ದನಂತೆ. ಹಾಗೆ ಹನ್ನೊಂದು ವರ್ಷ. ಈಗ ಬೇಸಿಗೆಗೆ ಕುರಿಗಳಿಗೆ ನೀರು ಬೇಕಾಗಿ ಬಾವಿ ನೆನಪಾಗಿತ್ತು. ಹಿಂದಿನ ದಿನ ಸಂಜೆ ಹಾರೆ ಹಾಕಿ ಬಂಡೆ ಸರಿಸಿದೆವು. ಹಳೇ ಬಾವಿ ತೆರೆದರೆ ಸಾಮಾನ್ಯವಾಗಿ ಪಾರಿವಾಳಗಳು ಎದ್ದು ಹಾರುತ್ತವೆ, ಇಲ್ಲವೇ ಕಪ್ಪೆ ಕೂಗುತ್ತದೆ. ಇಲ್ಲಿ ಏನೂ ಇಲ್ಲ. ಬಾಯಿ ಮುಚ್ಚಿದ್ದಾಗ ಹಕ್ಕಿ ಎಲ್ಲಿಂದ ಬರಬೇಕು ಎಂದುಕೊಂಡೆ. ಒಳಗಿನ ಮುಗ್ಗಲು ವಾಸನೆ ಹೋಗಲು ಒಂದು ರಾತ್ರಿ ತೆರೆದಿದ್ದರೆ ಸಾಕು ಎಂದೂ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕ್ರೇನು ನಿಲ್ಲಿಸಿದೆವು. ತಮ್ಮನ ಹೆಂಡತಿ ದಂಡೆಗೆ ಅರಿಶಿನ ಕುಂಕುಮ ಹಚ್ಚಿ, ಎಣ್ಣೆ ದೀಪ ಹಚ್ಚಿ ಕಲ್ಲಿನ ಮರೆಗೆ ಇಟ್ಟಳು. ನಾನು ಬ್ಯಾಟರಿ ದೀಪದ ಗುಂಡಿ ಒತ್ತಿ ಬುಟ್ಟಿಯಲ್ಲಿ ಬಿಟ್ಟೆ. ಎಂಟನೇ ಗಂಟಿಗೆ ತಳ ಸಿಕ್ಕಿತು, ಬುಟ್ಟಿ ತಳದ ನೀರಿನ ಮೇಲೆ ತೇಲಿತು. ಕತ್ತಲಲ್ಲಿ ಹಳದಿ ಚುಕ್ಕೆ ಚೆನ್ನಾಗಿ ಉರಿಯುತ್ತಿತ್ತು. ಯಜಮಾನನಿಗೆ ತೋರಿಸಿದೆ. ಬುಟ್ಟಿಯನ್ನು ಅಲ್ಲೇ ಬಿಟ್ಟು ಹಗ್ಗವನ್ನು ದಂಡೆಗೆ ಕಟ್ಟಿದೆ.

ತಮ್ಮ ಕಬ್ಬಿಣದ ಬುಟ್ಟಿಯಲ್ಲಿ ನಿಂತು ಇಳಿದ. ಸೊಂಟದ ಹಗ್ಗ ಕಟ್ಟಿಕೊಳ್ಳಲಿಲ್ಲ, ತಳದಲ್ಲಿ ಕೆಲಸಕ್ಕೆ ತೊಡಕು ಎಂದು ನಾವು ಅದನ್ನು ಬಿಟ್ಟು ಬಹಳ ದಿನವಾಗಿತ್ತು. ತಳ ಮುಟ್ಟಿದವನು ನೀರು ಮೊಣಕಾಲಿಗೆ ಬಂತೆಂದು, ವಾಸನೆ ಮಾವನ ಮನೆಯ ಗಟಾರಿನಂತಿದೆ ಎಂದು ಕೂಗಿದ. ಹೆಂಡತಿ ಮೇಲಿನಿಂದಲೇ ಬೈದಳು. ಅವನು ನಕ್ಕದ್ದು ಕೇಳಿಸಿತು. ಆಮೇಲೆ ಸನಿಕೆ ಹಿಡಿದು ಹೂಳಿಗೆ ಬಗ್ಗಿದ.

ಬಗ್ಗಿದವನು ಮೇಲೇಳಲಿಲ್ಲ. ಕೂತುಕೊಂಡ. ಕಾಲಿಗೆ ಮುಳ್ಳು ಚುಚ್ಚಿದವರು ಹೇಗೆ ಕೂಡುತ್ತಾರೋ ಹಾಗೆ. ಗೋಡೆಗೆ ಹೆಗಲು ಆನಿಸಿದ. ತಲೆ ಪಕ್ಕಕ್ಕೆ ವಾಲಿತು. ನಾನು ಹೆಸರು ಹಿಡಿದು ಕೂಗಿದೆ, ಅವನ ಹೆಂಡತಿ ಕೂಗಿದಳು. ಅವನ ಮೊಣಕಾಲಿನ ಹತ್ತಿರ ಆ ದೀಪ ಉರಿಯುತ್ತಲೇ ಇತ್ತು.

ಬುಟ್ಟಿ ಮೇಲೆತ್ತಿಸಿ ನಾನೇ ಹತ್ತಿದೆ. ಸೊಂಟಕ್ಕೆ ಹಗ್ಗ ಬಿಗಿಯುವಾಗ ಕಲ್ಲಿನ ಮರೆಯ ಎಣ್ಣೆ ದೀಪ ಕಣ್ಣಿಗೆ ಬಿತ್ತು. ಅಪ್ಪ ಎಂದೂ ದೀಪ ಇಲ್ಲದೆ ಇಳಿದವನಲ್ಲ. ಕೈ ತಾನಾಗಿ ಅದನ್ನು ಎತ್ತಿ ಬುಟ್ಟಿಯ ತಳದಲ್ಲಿ, ನನ್ನ ಪಾದದ ಹತ್ತಿರ ಇಟ್ಟಿತು. ಎಂಜಿನ್‌ನವನಿಗೆ ನಿಧಾನ ಬಿಡು ಎಂದೆ.

ಪಕ್ಕದಲ್ಲಿ ಇಳಿಬಿದ್ದಿದ್ದ ದೀಪದ ಹಗ್ಗದ ನಾಲ್ಕನೇ ಗಂಟಿನವರೆಗೆ ಉರಿ ನೆಟ್ಟಗಿತ್ತು. ಐದಕ್ಕೆ ಸಣ್ಣದಾಯಿತು, ಕೆಂಪಗಾಯಿತು. ಒಳಗೆ ಎಳೆಯಷ್ಟೂ ಗಾಳಿ ಅಲುಗುತ್ತಿರಲಿಲ್ಲ. ಆದರೂ ಉರಿ ಬತ್ತಿಯನ್ನು ಬಿಟ್ಟು ಮೇಲಕ್ಕೆ ಎದ್ದು, ಒಂದು ಕ್ಷಣ ಬರಿಗಾಳಿಯಲ್ಲಿ ನಿಂತು, ಇಲ್ಲವಾಯಿತು. ಹೊಗೆ ಮೇಲೇರದೆ ಚಾಪೆಯಂತೆ ಅಡ್ಡ ಹಾಸಿತು. ನನ್ನ ಕಿವಿಯಲ್ಲಿ ಗುಂಯ್ ಎಂದಿತು. ಕೆಳಗೆ ಮೂರು ಮಾರಿನಲ್ಲಿ ತಮ್ಮನ ನೆತ್ತಿ ಕಾಣುತ್ತಿತ್ತು. ಅವನ ಪಕ್ಕ ಪ್ಲಾಸ್ಟಿಕ್ ದೀಪ ನಡುಗುತ್ತ ಬೆಳಗುತ್ತಿತ್ತು.

ಹಗ್ಗ ಜಗ್ಗಿದೆ. ಎಳೆದುಕೊಂಡರು.

ದಂಡೆಗೆ ಬಂದಾಗ ತಮ್ಮನ ಹೆಂಡತಿ ನನ್ನ ಮುಖ ನೋಡಲಿಲ್ಲ, ಬುಟ್ಟಿಯೊಳಗೆ ನೋಡಿದಳು. ಅವರೆಲ್ಲಿ ಎಂದು ಕೇಳಿದಳು. ನನಗೆ ಹೇಳಬೇಕಾದದ್ದು ಬಹಳ ಇತ್ತು. ಬಾಯಿಂದ ಬಂದದ್ದು ಒಂದೇ.

"ದೀಪ ನುಂಗ್ತು."

ಅಷ್ಟರಲ್ಲಿ ಯಜಮಾನನ ಮನೆಯ ಇಬ್ಬರು ಗಂಡಸರು ಅಂಗಿ ಕಳಚಿ ಇಳಿಯಲು ತಯಾರಾಗಿದ್ದರು. ಅವಳು ಅವರಿಗಿಂತ ಮೊದಲು ಬುಟ್ಟಿಯಲ್ಲಿ ಕಾಲಿಟ್ಟಳು. ನಾನು ಅವಳ ರಟ್ಟೆ ಹಿಡಿದು ಹೊರಗೆಳೆದೆ. ತಮ್ಮನ ಹೆಂಡತಿಯ ಮೈ ಮುಟ್ಟಿದ್ದು ಅದೇ ಮೊದಲು.

"ನೀವು ಇಳೀಲಿಲ್ಲಂದ್ರ ನಾ ಇಳೀತೀನಿ. ಬಿಡ್ರಿ ಭಾವಾ," ಎಂದಳು. ನಾನು ಬಿಡಲಿಲ್ಲ. ಆಗ ದನಿ ಏರಿಸದೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಅಂಜ್ಯಾರ. ಸ್ವಂತ ತಮ್ಮ ಒಳಗ ಅದಾನ, ಅಂಜಿ ಮ್ಯಾಲ ಬಂದಾರ."

ಅದು ಸುಳ್ಳಲ್ಲ. ಅಂಜಿದ್ದೆ. ನನ್ನ ಬಗ್ಗೆ ಆ ಮಾತು ಆಡಿದವರು ಈ ಸೀಮೆಯಲ್ಲಿ ಯಾರೂ ಇರಲಿಲ್ಲ. ಇಳಿದುಬಿಡೋಣ, ಇಳಿದು ಅವನ ಪಕ್ಕ ಬಿದ್ದರೂ ಸರಿ, ಈ ಮಾತು ಬೇಡ ಎನಿಸಿತು. ಬಹುಶಃ ಇಳಿಯುತ್ತಲೂ ಇದ್ದೆ. ಆದರೆ ನನ್ನ ಹಿಂದೆ ಆ ಇಬ್ಬರು ಇಳಿಯುತ್ತಾರೆ, ಅವರ ಹಿಂದೆ ಇವಳು. ತಳದಲ್ಲಿ ಮಲಗಿದ್ದು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಹತ್ತಿರ ಕರೆಯುತ್ತಿದೆ ಎನಿಸಿತು. ಉಕ್ಕಿನ ಹಗ್ಗದ ಕೊಂಡಿಯ ಪಿನ್ನು ಕಿತ್ತು, ಕಬ್ಬಿಣದ ಬುಟ್ಟಿಯನ್ನು ಬಿಡಿಸಿ ಹೊಲದ ಕಡೆಗೆ ಉರುಳಿಸಿದೆ. ಪಿನ್ನನ್ನು ನನ್ನ ಜೇಬಿಗೆ ಹಾಕಿಕೊಂಡೆ. ಇನ್ನು ಯಾರೂ ಇಳಿಯಲಾರರು, ನಾನೂ ಇಳಿಯಲಾರೆ.

ಯಜಮಾನ ಬೈಯಲಿಲ್ಲ. ಏನು ಬೇಕು ಹೇಳು ಎಂದ. ಕಂಬಳಿ ಬೇಕು ಎಂದೆ. ಕುರಿ ಮನೆಯಲ್ಲಿ ಕಂಬಳಿಗೆ ಬರವಿಲ್ಲ. ದೀಪ ಆರಿದ ದಿನ ಅಪ್ಪ ಮಾಡಿಸುತ್ತಿದ್ದ ಹಾಗೆ ಎರಡು ದಪ್ಪ ಕಂಬಳಿ ನೆನೆಸಿ, ನಾಲ್ಕು ಮೂಲೆಗೂ ಹಗ್ಗ ಕಟ್ಟಿ, ಬಾವಿಯೊಳಗೆ ಧಪ್ ಎಂದು ಬಿಡುವುದು, ಎಳೆಯುವುದು, ಬಿಡುವುದು. ಹೂಳಿನ ಕೆಟ್ಟ ಉಸಿರನ್ನು ಅಷ್ಟಷ್ಟೇ ಕಲಕಿ ಮೇಲೆ ತರುವುದಕ್ಕೆ. ಬೀಳುವ ನೀರಿನ ಜೊತೆ ಹೊಸ ಗಾಳಿ ಇಳಿಯಲೆಂದು ಆ ಮನೆಯ ಹೆಂಗಸರು ತಮ್ಮನಿದ್ದ ಗೋಡೆ ಬಿಟ್ಟು ಎದುರು ಗೋಡೆಯ ಮೇಲೆ ಕೊಡಗಟ್ಟಲೆ ನೀರು ಚಿಮ್ಮಿದರು. ಎಷ್ಟು ಸಾರಿ ಎಳೆದೆವೋ. ತಮ್ಮನ ತಲೆ ಇನ್ನೂ ಸ್ವಲ್ಪ ಜಾರಿತು. ಗದ್ದ ನೀರಿಗೆ ಒಂದು ಗೇಣಿನಷ್ಟು ಮೇಲಿತ್ತು. ಗಾಳಿ ಸರಿಹೋಗುವವರೆಗೆ ಅವನು ಹಾಗೇ ಕೂತಿರುವುದಿಲ್ಲ ಎಂದು ನನಗೆ ಗೊತ್ತಾಯಿತು.

ಆಗ ಯಜಮಾನನ ತಾಯಿ, ಬೆನ್ನು ಬಾಗಿದ ಮುದುಕಿ, ಒಳಗಿನಿಂದ ಏನನ್ನೋ ಎಳೆದುಕೊಂಡು ಬಂದಳು. ಪಾತಾಳಗರಡಿ. ಕಬ್ಬಿಣದ ಬಳೆಗೆ ಸುತ್ತಲೂ ಕೊಕ್ಕೆಗಳಿರುವ ಸಾಮಾನು. ಬಾವಿಯಲ್ಲಿ ಕೊಡ ಬಿದ್ದರೆ ಇದನ್ನು ಇಳಿಬಿಟ್ಟು ಜಾಲಾಡಿ ಎತ್ತುತ್ತಿದ್ದರು. ಈಗ ಯಾರ ಮನೆಯಲ್ಲಿಯೂ ಇಲ್ಲ. ಇವಳು ಜಂತಿಗೆ ತೂಗುಹಾಕಿ ಇಟ್ಟಿದ್ದಳು.

"ಇದು ಕೊಡ ತಗಿಯೋದಪ್ಪ," ಎಂದಳು. "ಮನಷ್ಯಾನ ತಗೀತಾದೋ ಇಲ್ಲೋ ನಾ ಹೇಳಾಂಗಿಲ್ಲ."

ಬುಟ್ಟಿ ಇದ್ದ ಕೊಂಡಿಗೆ ಅದನ್ನು ಸಿಕ್ಕಿಸಿ ಪಿನ್ನು ಹಾಕಿದೆ. ದಂಡೆಯಲ್ಲಿ ಬೋರಲು ಮಲಗಿ ಕೆಳಗೆ ನೋಡಿದೆ. ಪ್ಲಾಸ್ಟಿಕ್ ದೀಪದ ಬೆಳಕಿಗೆ ಅವನ ಆಕಾರ ಕಾಣುತ್ತಿತ್ತು, ಕೊಕ್ಕೆ ಸಿಕ್ಕಿಸುವ ಜಾಗ ಕಾಣುತ್ತಿರಲಿಲ್ಲ. ತಮ್ಮನ ಹೆಂಡತಿ ಎಲ್ಲಿದ್ದಾಳೆಂದು ನಾನು ನೋಡಿರಲಿಲ್ಲ. ಅಷ್ಟರಲ್ಲಿ ಒಂದು ಬಿಸಿಲಿನ ಬಿಲ್ಲೆ ಬಾವಿಯ ಗೋಡೆಯ ಮೇಲೆ ಓಡಿ ಕೆಳಗಿಳಿದು ಅವನ ಬೆನ್ನಿನ ಮೇಲೆ ನಿಂತಿತು. ಎದುರು ದಂಡೆಯಲ್ಲಿ ಅವಳು ಪೂಜೆಯ ಸ್ಟೀಲ್ ತಟ್ಟೆಯನ್ನು ಬಿಸಿಲಿಗೆ ಹಿಡಿದು ಬೆಳಕು ಬಿಡುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಎಡಕ್ಕೆ, ಇನ್ನೂ ಎಡಕ್ಕೆ, ಕೆಳಗೆ ಎಂದು ಹೇಳತೊಡಗಿದಳು.

ಎಂಜಿನ್‌ನವನು ಒಂದೊಂದು ಗೇಣು ಬಿಟ್ಟ. ಮೊದಲ ಸಲ ಕೊಕ್ಕೆ ಅಂಗಿಗೆ ಸಿಕ್ಕಿತು. ಎಳೆದರೆ ಅಂಗಿ ಪರ್ ಎಂದು ಹರಿದು ಅವನು ಇನ್ನಷ್ಟು ಜಾರಿದ. ಎರಡನೇ ಸಲ ಏನೂ ಸಿಗಲಿಲ್ಲ. ತಮ್ಮನಿಗೆ ಶೋಕಿ, ಕೆಲಸಕ್ಕೂ ಜೀನ್ಸ್ ಪ್ಯಾಂಟು, ಅದಕ್ಕೊಂದು ಅಗಲ ಚರ್ಮದ ಬೆಲ್ಟು. ಅದಕ್ಕಾಗಿ ಎಷ್ಟು ಸಾರಿ ಬೈದಿದ್ದೆನೋ. ಈಗ ಆ ಬೆಲ್ಟೊಂದೇ ನನಗೆ ಬೇಕಾಗಿತ್ತು. ಮೂರನೇ ಸಲ ಕೊಕ್ಕೆ ಎಲ್ಲಿಯೋ ಕೂತಿತು, ಹಗ್ಗ ಬಿಗಿಯಾಯಿತು. ಅವಳು ತಟ್ಟೆ ಅಲುಗಿಸದೆ ಹೇಳಿದಳು.

"ತೊಡಿಗೆ ಹತ್ತ್ಯದ ಭಾವಾ. ಮಾಂಸಕ್ಕ."

ಎಂಜಿನ್‌ನವನು ನನ್ನ ಕೈ ಸನ್ನೆಗಾಗಿ ಕಾಯುತ್ತಿದ್ದ. ನಾನು ಕೈ ಎತ್ತಲಾರದೆ ಅವಳನ್ನೇ ಕೇಳಿದೆ.

"ಎಳೀಲಿ?"

"ಎಳೀರಿ."

ನಿಧಾನ ಎಳೆಯಲು ಹೇಳಿದೆ. ಕಾಲು ಮೇಲೆದ್ದಿತು, ಮೈ ಮಗ್ಗುಲಿಗೆ ತಿರುಗಿತು, ಒಂದು ಕ್ಷಣ ಮುಖ ನೀರಿನಲ್ಲಿ ಮುಳುಗಿತು. ತಟ್ಟೆಯ ಬಿಸಿಲು ಅಲ್ಲೇ ನಿಂತಿತ್ತು. ತಿರುಗಿದ ರಭಸಕ್ಕೆ ಗರಡಿಯ ಇನ್ನೊಂದು ಕೊಕ್ಕೆ ಬೆಲ್ಟಿನೊಳಗೆ ಹೋಯಿತು. ಅದನ್ನು ನಾನು ಕಂಡೆ. ಎತ್ತು ಎಂದು ಕೈ ಬೀಸಿದೆ. ಸಂತೆಯಲ್ಲಿ ತೂಕಕ್ಕೆ ಹಾಕಿದ ಮೂಟೆಯಂತೆ ಅವನು ಮಡಚಿಕೊಂಡು ಮೇಲೆ ಬಂದ, ಎರಡು ಕಡೆ ಕಲ್ಲಿಗೆ ಬಡಿದ. ದಂಡೆಗೆ ಬಂದಾಗ ಮುಖ ನೀಲಿಗಟ್ಟಿತ್ತು. ಉಸಿರು ಇದೆ ಎಂದು ಹೇಳಿದವಳು ಮುದುಕಿ. ನನಗೆ ಕಾಣಿಸಿರಲಿಲ್ಲ.

ಯಜಮಾನನ ಕುರಿ ಸಾಗಿಸುವ ಗಾಡಿಯಲ್ಲಿ ತಾಂಡೂರಿಗೆ ಓಡಿಸಿದೆವು. ತಮ್ಮನ ಹೆಂಡತಿ ಅವನ ತಲೆ ತೊಡೆಯ ಮೇಲಿಟ್ಟುಕೊಂಡಿದ್ದಳು. ನಾನು ಅವನ ತೊಡೆಯ ಗಾಯವನ್ನು ಕಂಬಳಿಯಿಂದ ಒತ್ತಿ ಹಿಡಿದಿದ್ದೆ. ಹದಿನೈದು ಕಿಲೋಮೀಟರು ಹಾಗೇ ಹೋದೆವು.

ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕ ಹಾಕಿದರು. ವಯಸ್ಸಾದ ಡಾಕ್ಟರು, ತೆಲುಗಿನವರು, ನನಗೆ ತಿಳಿಯಲಿ ಎಂದು ಕನ್ನಡ ಬೆರೆಸಿ ನಿಧಾನವಾಗಿ ಹೇಳಿದರು. ಮುಚ್ಚಿದ ಬಾವಿಯಲ್ಲಿ ಕೊಳೆತದ್ದರಿಂದ ಒಂದು ಭಾರದ ಗಾಳಿ ಹುಟ್ಟುತ್ತದೆ, ನೀರಿನ ಹಾಗೆ ತಳದಲ್ಲಿ ನಿಲ್ಲುತ್ತದೆ, ಅದರಲ್ಲಿ ಉರಿಯೂ ಬದುಕುವುದಿಲ್ಲ, ಮನುಷ್ಯನೂ ಬದುಕುವುದಿಲ್ಲ. ಆಮೇಲೆ ಸಹಜವಾಗಿಯೇ ಕೇಳಿದರು, ಇಳಿಯುವ ಮುಂಚೆ ದೀಪ ಬಿಟ್ಟು ನೋಡಲಿಲ್ಲವೇ ಎಂದು.

ಬಿಟ್ಟಿದ್ದೆವು ಎಂದೆ.

ಹಾಗಾದರೆ ಆರಿರಬೇಕಲ್ಲ ಎಂದರು.

  ಅವಳು ಪಕ್ಕದಲ್ಲೇ ಇದ್ದಳು, ಅವಳೂ ಕೇಳಿಸಿಕೊಂಡಳು.

ಮೂರು ದಿನ ತಮ್ಮನಿಗೆ ಎಚ್ಚರವಿಲ್ಲ. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಎಂಜಿನ್‌ನವನು ಬಂದು, ಆ ಬಾವಿಯಲ್ಲಿ ಶೈತಾನ ಇದೆ ಎಂದ. ಊರಿನವರು ದೆಯ್ಯಂ ಎನ್ನುತ್ತಿದ್ದಾರಂತೆ, ಯಾರನ್ನೋ ಕರೆಸಿ ಕಟ್ಟು ಹಾಕಿಸುತ್ತಾರಂತೆ. ಶೈತಾನ, ದೆಯ್ಯಂ, ಭೂತ, ಎಲ್ಲ ಹೆಸರೂ ಹೆದರಿಕೆ ಹೇಳುತ್ತವೆ, ಏನು ಮಾಡಬೇಕೆಂದು ಹೇಳುವುದಿಲ್ಲ. ದೀಪನುಂಗಿ ಎಂಬ ನಮ್ಮ ಹೆಸರು ಹೇಳುತ್ತಿತ್ತು, ಮೊದಲು ದೀಪ ಬಿಟ್ಟು ನೋಡು ಎಂದು. ನಾನು ಅದಕ್ಕೆ ನುಂಗಲಾಗದ ದೀಪ ಕೊಂಡು ತಂದಿದ್ದೆ.

ಆ ಬೆಂಚಿನ ಮೇಲೆಯೇ ಆಯಿ ನೆನಪಾದಳು, ಅಪ್ಪನ ತಾಯಿ. ಒಮ್ಮೆ ರೊಟ್ಟಿ ಬಡಿಯುತ್ತ ಹೇಳಿದ್ದಳು. ಬಹಳ ಹಿಂದೆ ನಾರಾಯಣಖೇಡದ ದಾರಿಯ ಒಂದು ಬಾವಿಯಲ್ಲಿ ನಮ್ಮ ಮನೆಯ ಮೂವರು ಅಣ್ಣತಮ್ಮಂದಿರು ಒಬ್ಬರ ಹಿಂದೊಬ್ಬರು ಇಳಿದರಂತೆ. ಮೂರನೆಯವನ ಕೈಯಲ್ಲಿ ದೀಪವಿತ್ತಂತೆ. ಅವನೊಬ್ಬನೇ ಮೇಲೆ ಬಂದ. ಉಳಿದವರೆಲ್ಲಿ ಎಂದು ಮನೆಯ ಹೆಂಗಸರು ಕೇಳಿದರೆ, ದೀಪ ನುಂಗಿತು, ದೀಪ ನುಂಗಿತು ಎಂದಷ್ಟೇ ಹೇಳುತ್ತಿದ್ದನಂತೆ, ಸಾಯುವವರೆಗೆ. ಹೆಸರು ಅಲ್ಲಿಂದ ಬಂತು ಎಂದಿದ್ದಳು. ಸಣ್ಣವನಿದ್ದಾಗ ನನಗೆ ಅದರಲ್ಲಿ ಹೆದರಿಕೆಯ ಕತೆ ಮಾತ್ರ ಕೇಳಿಸಿತ್ತು. ಒಬ್ಬನೇ ಮೇಲೆ ಬಂದವನು ಕೇಳಿಸಿರಲಿಲ್ಲ.

ಮೂರನೇ ದಿನ ಯಜಮಾನ ಫೋನ್ ಮಾಡಿದ. ತಮ್ಮನ ಸುದ್ದಿ ಕೇಳಿದ. ಆಮೇಲೆ ಹೇಳಿದ.

"ನಿಮ್ಮ ದೀಪ ಇನ್ನಾ ಉರಿಯಾಕತ್ತದ ನೋಡ್ರಿ."

ಅದೇ ಸಂಜೆ ತಮ್ಮ ಕಣ್ಣು ತೆರೆದ. ಬದುಕಿದ. ಎಡಗಾಲು ಎಳೆಯುತ್ತದೆ, ನಿನ್ನೆ ಹೇಳಿದ್ದು ಇಂದು ನೆನಪಿರುವುದಿಲ್ಲ, ಮಾತಿನ ಮಧ್ಯೆ ನಿಂತುಬಿಡುತ್ತಾನೆ. ಆ ದಿನ ಏನಾಯಿತೆಂದು ಅವನು ಕೇಳಿಲ್ಲ. ಅವನ ಹೆಂಡತಿ ಬಾವಿದಂಡೆಯಲ್ಲಿ ಆಡಿದ ಮಾತನ್ನು ವಾಪಸು ತೆಗೆದುಕೊಂಡಿಲ್ಲ. ನಾನೂ ತೆಗೆದುಕೋ ಎಂದಿಲ್ಲ.

ಆರು ತಿಂಗಳ ಮೇಲೆ ಮತ್ತೆ ಕೆಲಸಕ್ಕೆ ಹೋದೆವು, ನಾರಾಯಣಖೇಡದ ಕಡೆಗೆ. ಇಳಿಯುವವನು ನಾನು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು. ತಮ್ಮ ಗಿಡದ ಕೆಳಗೆ ಕೂತಿದ್ದ. ಮಣ್ಣಿನ ಹಣತೆಗೆ ಎಣ್ಣೆ ಹಾಕಿ ಬತ್ತಿ ಹಚ್ಚಿದವಳು ಅವನ ಹೆಂಡತಿ. ಗಾಳಿಗೆ ಎರಡು ಸಲ ಆರಿತು, ಎರಡು ಸಲವೂ ಸೆರಗು ಅಡ್ಡ ಹಿಡಿದು ಮತ್ತೆ ಹಚ್ಚಿದಳು. ಮೂರನೇ ಸಲ ಬಾವಿಯ ಬಾಯಿ ದಾಟಿಸಿ ಗಂಟು ಎಣಿಸುತ್ತ ಬಿಟ್ಟಳು. ಆರನೇ ಗಂಟಿಗೆ ಚುಕ್ಕೆ ಕೆಂಪಗಾಗಿ ಹೋಯಿತು.

ಹೊಲದವನು ಅವಸರದ ಮನುಷ್ಯ. ಗಾಳಿಗೆ ಆರಿರಬೇಕು ಬಿಡಮ್ಮ, ಎಂದ. ಅವಳು ಬುಟ್ಟಿ ಮೇಲೆಳೆದು, ಎಣ್ಣೆ ತುಂಬಿದ್ದ, ಬತ್ತಿ ಒಣಗಿರದ ಹಣತೆಯನ್ನು ಅವನಿಗೆ ತೋರಿಸಿದಳು.

"ಗಾಳಿಗಲ್ಲರಿ, ಆರು ಮಾರು ಕೆಳಗ ಗಾಳಿ ಬೀಸಂಗಿಲ್ಲ. ಒಳಗ ದೀಪನುಂಗಿ ಅದ. ಇವತ್ತ ನಮ್ಮ ಭಾವ ಇಳ್ಯಂಗಿಲ್ಲ."

ನನ್ನನ್ನು ಕೇಳಲಿಲ್ಲ. ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡಳು. ನಾನು ಸೊಂಟದ ಗಂಟು ಬಿಚ್ಚಿದೆ.